ಚಿಕ್ಕತಾತನ ಆರು ತಿಂಗಳು

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ 2022ರ ಕ್ಯಾಲೆಂಡರ್ ಇನ್ನೂ ತೂಗುತ್ತಿದೆ. ಹಳೇ ಕ್ಯಾಲೆಂಡರ್ ಮನೆಯಲ್ಲಿ ಇಟ್ಟುಕೊಳ್ಳಬಾರದು ಅಂತ ನನ್ನ ಹೆಂಡತಿ ಎಷ್ಟೋ ಸಲ ಹೇಳಿದ್ದಾಳೆ. ನಾನು ತೆಗೆದಿಲ್ಲ. ಅದರಲ್ಲಿ ಜೂನ್ 10ರ ಮೇಲೆ ಒಂದು ಕೆಂಪು ಸುತ್ತು ಇದೆ, ಡಿಸೆಂಬರ್ 10ರ ಮೇಲೆ ಇನ್ನೊಂದು. ಎರಡನ್ನೂ ಹಾಕಿದವಳು ಆಗ ಏಳನೇ ತರಗತಿಯಲ್ಲಿದ್ದ ನನ್ನ ಮೊಮ್ಮಗಳು. ಆ ಎರಡು ಸುತ್ತುಗಳ ನಡುವೆ ನಮ್ಮ ಮನೆಯಲ್ಲಿ ನಡೆದದ್ದನ್ನು ಇಲ್ಲಿ ಹೇಳುತ್ತೇನೆ. ಮಕ್ಕಳೇ, ನೀವು ಓದಿದ ಮೇಲೆ ಮನೆಯ ಹಿರಿಯರಿಗೂ ಓದಿ ಹೇಳಿ.

ನಾನು ಚನ್ನಪಟ್ಟಣ ತಾಲೂಕಿನ ಒಬ್ಬ ನಿವೃತ್ತ ಮೇಷ್ಟ್ರು. ನನ್ನ ತಮ್ಮ ಬೊಂಬೆ ಕೆಲಸದವನು. ನಮ್ಮೂರಿನ ಬೊಂಬೆ ಹೇಗೆ ಮಾಡುತ್ತಾರೆ ಅಂತ ನೋಡಿದ್ದೀರಾ? ಒಣಗಿಸಿದ ಹಾಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ ತಿರುಗಿಸುತ್ತಾರೆ. ಉಳಿ ಹಿಡಿದರೆ ಮರ ಆಕಾರಕ್ಕೆ ಬರುತ್ತದೆ. ಆಮೇಲೆ ಬಣ್ಣದ ಅರಗನ್ನು ತಿರುಗುವ ಮರಕ್ಕೆ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ಕೊನೆಗೆ ತಾಳೆಗರಿಯಿಂದ ಉಜ್ಜಿದರೆ ಕನ್ನಡಿಯಂಥ ಹೊಳಪು. ನನ್ನ ತಮ್ಮ ಒಂದು ಬುಗುರಿಗೆ ಐದು ಬಣ್ಣದ ಗೆರೆ ಕೂರಿಸುತ್ತಿದ್ದ. ಹಳದಿ ಆದ ಮೇಲೆ ಕೆಂಪು, ಕೆಂಪು ಆದ ಮೇಲೆ ಹಸಿರು. ಅವನಿಗೆ ನೋಡಿಕೊಳ್ಳುವ ಅಗತ್ಯವೇ ಇರಲಿಲ್ಲ, ಕೈಗೇ ಲೆಕ್ಕ ಗೊತ್ತಿತ್ತು.

2022ರ ಜೂನ್ 10, ಶುಕ್ರವಾರ. ಅಂಗಡಿಗೆ ಬುಗುರಿ ಕೊಟ್ಟು ಮೊಪೆಡ್‌ನಲ್ಲಿ ಮನೆಗೆ ಬರುತ್ತಿದ್ದವನಿಗೆ ಹಿಂದಿನಿಂದ ಒಂದು ಕಾರು ಗುದ್ದಿತು. ಹೆಲ್ಮೆಟ್ ಹಾಕಿದ್ದ, ಆದರೆ ಗಲ್ಲದ ಪಟ್ಟಿ ಬಿಗಿದಿರಲಿಲ್ಲ. ಅದು ಹಾರಿ ಎತ್ತಲೋ ಬಿತ್ತು. ತಲೆ ರಸ್ತೆಗೆ ತಾಗಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದ. ಸ್ಕ್ಯಾನ್ ನೋಡಿದ ಡಾಕ್ಟರು, ಮಿದುಳಿನ ಮುಂಭಾಗಕ್ಕೆ ಪೆಟ್ಟಾಗಿದೆ, ರಕ್ತ ಸ್ವಲ್ಪ ಕಟ್ಟಿದೆ ಅಂದರು. ಆಪರೇಷನ್ ಬೇಕಾಗಲಿಲ್ಲ. ಮನೆಗೆ ಬಂದ, ನಡೆದಾಡಿದ, ಮುದ್ದೆ ಉಂಡ. ಗಂಡಾಂತರ ಕಳೆಯಿತು ಅಂತ ಎಲ್ಲರೂ ದೇವರಿಗೆ ಕೈಮುಗಿದೆವು.

ಗಂಡಾಂತರ ಕಳೆದಿರಲಿಲ್ಲ.

ಕಾಣದ ಗಾಯ

ಕಾಲು ಮುರಿದರೆ ಬ್ಯಾಂಡೇಜ್ ಕಾಣುತ್ತದೆ. ಮಿದುಳಿಗೆ ಆದ ಪೆಟ್ಟು ಹಾಗಲ್ಲ. ನೋಡಲು ಮನುಷ್ಯ ಅದೇ ಮನುಷ್ಯ. ಒಂದು ತಿಂಗಳಾದ ಮೇಲೆ ತಮ್ಮ ಲೇತಿನ ಮುಂದೆ ಕೂತ. ಹಳದಿ ಹಚ್ಚಿದ, ಮತ್ತೆ ಹಳದಿಯನ್ನೇ ಹಚ್ಚಿದ. ಹಸಿರು ಎಲ್ಲಿಗೆ ಬರಬೇಕು ಅಂತ ತೋಚದೆ ಅರಗಿನ ಕಡ್ಡಿ ಹಿಡಿದು ಸುಮ್ಮನೆ ಕೂತುಬಿಟ್ಟ. ಯಾವತ್ತೂ ಗಟ್ಟಿಯಾಗಿ ಮಾತಾಡದವನು ಒಂದು ಲೋಟ ನೀರು ತಡವಾದರೆ ಕೂಗಾಡತೊಡಗಿದ. ರಾತ್ರಿ ತಲೆನೋವು. ಬೆಳಿಗ್ಗೆ ಆಡಿದ ಮಾತು ಸಂಜೆಗೆ ಮರೆವು.

ಮಿದುಳಿನ ಮುಂಭಾಗವೇ ನಮ್ಮ ಕೆಲಸಗಳನ್ನು ಒಂದರ ಹಿಂದೆ ಒಂದು ಜೋಡಿಸುವುದು, ಸಿಟ್ಟಿಗೆ ಕಡಿವಾಣ ಹಾಕುವುದು. ಅಲ್ಲಿ ಪೆಟ್ಟು ಬಿದ್ದರೆ ತೊಂದರೆ ತಿಂಗಳುಗಳ ಮೇಲೂ ಕಾಣಿಸಿಕೊಳ್ಳಬಹುದು. ನನ್ನ ವಯಸ್ಸಿನವರು ಇನ್ನೊಂದು ಮಾತು ತಿಳಿದಿರಬೇಕು. ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗುತ್ತದೆ. ತಲೆಬುರುಡೆಗೂ ಅದಕ್ಕೂ ನಡುವಿನ ಸಣ್ಣ ರಕ್ತನಾಳಗಳು ಎಳೆದುಕೊಂಡಿರುತ್ತವೆ. ಬಚ್ಚಲಲ್ಲಿ ಜಾರಿ ತಲೆ ತಾಗಿದರೂ ಅವು ಹರಿದು, ರಕ್ತ ಹನಿಹನಿಯಾಗಿ ಸೇರಿ, ವಾರಗಳ ನಂತರ ತಲೆನೋವು, ಮರೆವು, ನಡಿಗೆಯಲ್ಲಿ ಓಲಾಟ ತೋರಿಸಬಹುದು. ವಯಸ್ಸಾಯಿತು, ಮರೆವು ಬಂತು ಅಂತ ಸುಮ್ಮನಾಗದೆ ಡಾಕ್ಟರಿಗೆ ತೋರಿಸಬೇಕು.

ನನ್ನ ತಪ್ಪು

ತಮ್ಮನ ಹೆಂಡತಿ ಜುಲೈನಲ್ಲೇ ಕೇಳಿದ್ದಳು. "ಭಾವ, ಕಾರಿನವರ ಮೇಲೆ ಕೇಸ್ ಆಗಿದೆಯಲ್ಲ, ನಾವೂ ಪರಿಹಾರಕ್ಕೆ ಅರ್ಜಿ ಹಾಕೋದು ಬೇಡವಾ?"

ನಾನು ಹೇಳಿದ್ದು ಇಷ್ಟು: "ಮೊದಲು ಅವನ ತಲೆ ಸರಿಹೋಗಲಿ ತಾಯಿ. ಕೋರ್ಟು ಎಲ್ಲಿಗೂ ಓಡಿಹೋಗಲ್ಲ."

ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು, ಮನೆಯಲ್ಲಿ ಯಾರೂ ಮತ್ತೆ ಮಾತೆತ್ತಲಿಲ್ಲ. ಆಗಸ್ಟ್ ಕೊನೆಯಲ್ಲಿ ರಾಮನಗರದಲ್ಲಿ ಭಾರಿ ಮಳೆಯಾಗಿ ಹೆದ್ದಾರಿಯ ಮೇಲೆಲ್ಲ ನೀರು ನಿಂತಿತು. ಆಮೇಲೆ ಗೌರಿ ಗಣೇಶ, ದಸರಾ, ದೀಪಾವಳಿ. ದಿನ ಹೋಗುತ್ತಲೇ ಇತ್ತು.

ನವೆಂಬರ್ 9 ನಮ್ಮ ದೇಶದಲ್ಲಿ ಕಾನೂನು ಸೇವೆಗಳ ದಿನ. ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಕಾಯ್ದೆ 1995ರಲ್ಲಿ ಜಾರಿಗೆ ಬಂದ ದಿನ ಅದು. ಆ ವಾರ ಮೊಮ್ಮಗಳ ಶಾಲೆಗೆ ಒಬ್ಬ ವಕೀಲರು ಬಂದು ರಸ್ತೆ ನಿಯಮದ ಬಗ್ಗೆ ಮಾತಾಡಿದರಂತೆ. ಸಂಜೆ ಮನೆಗೆ ಬಂದವಳೇ ಚೀಲವನ್ನೂ ಇಳಿಸದೆ ಕೇಳಿದಳು.

"ತಾತ, ಚಿಕ್ಕತಾತ ಬಿದ್ದಿದ್ದು ಯಾವತ್ತು?"

"ಜೂನ್‌ನಲ್ಲಿ. ಯಾಕಮ್ಮ?"

"ಅಪಘಾತ ಆಗಿ ಆರು ತಿಂಗಳೊಳಗೆ ಅರ್ಜಿ ಹಾಕಬೇಕಂತೆ. ವಕೀಲರು ಹೇಳಿದ್ರು. ನಾವು ಹಾಕಿದ್ದೀವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಕೆಂಪು ಪೆನ್ನು ತಂದು ಕ್ಯಾಲೆಂಡರ್ ಮುಂದೆ ನಿಂತು ಎಣಿಸಿದಳು. ಡಿಸೆಂಬರ್ 10ಕ್ಕೆ ಸುತ್ತು ಹಾಕಿ, "ತಾತ, ಅವತ್ತು ಎರಡನೇ ಶನಿವಾರ, ಕೋರ್ಟಿಗೆ ರಜಾ" ಅಂದಳು. ನಲವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನಿಗೆ ಆ ಲೆಕ್ಕ ಹೊಳೆದಿರಲಿಲ್ಲ.

ಆರು ತಿಂಗಳು ಬಂದದ್ದು ಹೇಗೆ?

ಮರುದಿನವೇ ತಾಲೂಕು ಕಾನೂನು ಸೇವಾ ಸಮಿತಿಯ ಕಚೇರಿಗೆ ಹೋದೆ. ಅಲ್ಲಿನ ವಕೀಲರು ಸಮಾಧಾನವಾಗಿ ತಿಳಿಸಿಕೊಟ್ಟರು.

1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೊದಲು ಆರು ತಿಂಗಳ ಗಡುವು ಇತ್ತು. ಎಷ್ಟೋ ಬಡವರು ಗಡುವು ಗೊತ್ತಿಲ್ಲದೆ ಪರಿಹಾರ ಕಳೆದುಕೊಂಡರು. 1994ರ ತಿದ್ದುಪಡಿಯಲ್ಲಿ ಗಡುವನ್ನೇ ತೆಗೆದುಹಾಕಿದರು. ಸುಮಾರು 27 ವರ್ಷ ಯಾವಾಗ ಬೇಕಾದರೂ ಅರ್ಜಿ ಹಾಕಬಹುದಿತ್ತು. ನನ್ನ ತಲೆಯಲ್ಲಿ ಇದ್ದದ್ದು ಆ ಹಳೇ ಕಾಲದ ಕಾನೂನು. 2019ರ ತಿದ್ದುಪಡಿ ಆರು ತಿಂಗಳ ಗಡುವನ್ನು ಮತ್ತೆ ತಂದಿತು. ಅದು ಜಾರಿಗೆ ಬಂದದ್ದು 2022ರ ಏಪ್ರಿಲ್ 1ರಂದು. ತಮ್ಮನಿಗೆ ಅಪಘಾತವಾದದ್ದು ಅದಾದ ಎರಡು ತಿಂಗಳಿಗೆ.

"ಆದರೆ ಸ್ವಾಮಿ, ಅವನಿಗೆ ಎಷ್ಟು ವಾಸಿಯಾಗುತ್ತೆ, ಎಷ್ಟು ಆಗಲ್ಲ ಅಂತ ಇನ್ನೂ ಡಾಕ್ಟರಿಗೇ ಗೊತ್ತಿಲ್ಲ" ಅಂದೆ.

"ಗೊತ್ತಾಗೋವರೆಗೂ ಕಾಯಬೇಡಿ ಮೇಷ್ಟ್ರೇ. ಗಡುವು ಶುರುವಾಗೋದು ಅಪಘಾತದ ದಿನದಿಂದ, ಕಾಯಿಲೆ ಕಂಡ ದಿನದಿಂದ ಅಲ್ಲ. ಅರ್ಜಿ ಮೊದಲು ಒಳಗೆ ಹೋಗಲಿ. ಡಾಕ್ಟರ ಸಾಕ್ಷಿ, ಅಂಗವಿಕಲತೆ ಎಷ್ಟು ಅನ್ನೋ ವರದಿ, ಬಿಲ್ಲುಗಳು, ಇವನ್ನೆಲ್ಲ ವಿಚಾರಣೆಯಲ್ಲಿ ಕೊಡಬಹುದು" ಅಂದರು.

ಆ ಮಾತು ನನಗೆ ಮೊದಲೇ ಗೊತ್ತಿದ್ದರೆ ಜುಲೈನಲ್ಲೇ ಹೋಗುತ್ತಿದ್ದೆ.

ಆಮೇಲೆ ಕಾಗದ ಕೂಡಿಸುವ ಕೆಲಸ. ಪೊಲೀಸ್ ಠಾಣೆಯಿಂದ ಎಫ್‌ಐಆರ್ ಮತ್ತು ಸ್ಥಳ ಮಹಜರಿನ ಪ್ರತಿ. ಆಸ್ಪತ್ರೆಯಿಂದ ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಕಾಗದ, ಸ್ಕ್ಯಾನ್ ವರದಿ. ಕಾರಿನ ನಂಬರು ಮತ್ತು ವಿಮೆಯ ವಿವರ. ತಮ್ಮನ ದುಡಿಮೆ ಎಷ್ಟಿತ್ತು ಅನ್ನುವುದಕ್ಕೆ ಅಂಗಡಿಯವರು ಬರೆದುಕೊಟ್ಟ ಚೀಟಿಗಳು. ಆ ಚೀಟಿಗಳನ್ನು ತಮ್ಮನ ಹೆಂಡತಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಟ್ಟಿದ್ದಳು. ಆ ಡಬ್ಬಿ ಮುಂದೆ ತುಂಬಾ ಉಪಯೋಗಕ್ಕೆ ಬಂತು.

ಡಿಸೆಂಬರ್ 1, ಗುರುವಾರ ಅರ್ಜಿ ಸಲ್ಲಿಕೆಯಾಯಿತು. ಗಡುವಿಗೆ ಒಂಬತ್ತು ದಿನ ಬಾಕಿ ಇತ್ತು.

ಪರಿಹಾರ ಅಂದರೆ ಏನು?

ಮೊಮ್ಮಗಳು ಒಂದು ದಿನ ಕೇಳಿದಳು, "ದುಡ್ಡು ಕೊಟ್ಟರೆ ಚಿಕ್ಕತಾತನ ನೆನಪು ವಾಪಸ್ ಬರುತ್ತಾ?" ಇಲ್ಲ. ಆದರೆ ಔಷಧಿ, ನಿಂತುಹೋದ ದುಡಿಮೆ, ಮುಂದಿನ ಚಿಕಿತ್ಸೆ, ನೋಡಿಕೊಳ್ಳುವವರ ಶ್ರಮ, ಪಟ್ಟ ನೋವು, ಇವಕ್ಕೆಲ್ಲ ನ್ಯಾಯಾಲಯ ಒಂದು ಲೆಕ್ಕ ಹಾಕುತ್ತದೆ.

ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಕೊಟ್ಟ ಒಂದು ತೀರ್ಪನ್ನು ವಕೀಲರು ಹೇಳಿದರು. 2007ರಲ್ಲಿ ಉತ್ತರ ಭಾರತದಲ್ಲಿ 12 ವರ್ಷದ ಹುಡುಗಿಯೊಬ್ಬಳು ಅಪ್ಪ ಅಮ್ಮನ ಜೊತೆ ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದಾಗ ಲಾರಿ ಗುದ್ದಿತು. ಅವಳ ಮಿದುಳಿಗೆ ಎಂಥ ಪೆಟ್ಟಾಯಿತೆಂದರೆ, ಒಂಬತ್ತು ತಿಂಗಳ ಮಗುವಿನಷ್ಟೇ ಸಾಮರ್ಥ್ಯ ಉಳಿದಿದೆ ಅಂತ ವೈದ್ಯರು ವರದಿ ಕೊಟ್ಟರು. ಕೆಳಗಿನ ನ್ಯಾಯಮಂಡಳಿ ಸುಮಾರು 11 ಲಕ್ಷ, ಹೈಕೋರ್ಟ್ ಸುಮಾರು 25 ಲಕ್ಷ ಕೊಟ್ಟಿದ್ದವು. ಸುಪ್ರೀಂ ಕೋರ್ಟ್ 62 ಲಕ್ಷ 27 ಸಾವಿರ ರೂಪಾಯಿಗೆ ಏರಿಸಿತು. ಜೀವನಪೂರ್ತಿ ಅವಳನ್ನು ನೋಡಿಕೊಳ್ಳಲು ಜನ ಬೇಕು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿತು. ಗಾಯ ಕಾಣದಿದ್ದರೂ ನಷ್ಟ ಎಷ್ಟು ದೊಡ್ಡದು ಅಂತ ಆ ತೀರ್ಪು ತೋರಿಸಿತು.

ನಮ್ಮ ಪ್ರಕರಣ ಕೊನೆಗೆ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಬಂದ ಹಣದಲ್ಲಿ ಸಾಲ ತೀರಿತು, ಉಳಿದದ್ದು ಬ್ಯಾಂಕಿನಲ್ಲಿ ಠೇವಣಿ ಆಯಿತು. ಅದರ ಬಡ್ಡಿಯಲ್ಲಿ ಔಷಧಿ ನಡೆಯುತ್ತಿದೆ.

ಗಡುವು ಮೀರಿದವರು

ಈ ಆರು ತಿಂಗಳ ನಿಯಮ ಸರಿಯೇ ಅನ್ನುವ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ತೀರ್ಮಾನ ಆಗುವವರೆಗೂ ಗಡುವು ಮೀರಿದೆ ಅನ್ನುವ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದು ಅಂತ 2025ರ ನವೆಂಬರ್‌ನಲ್ಲಿ ಅದು ಮಧ್ಯಂತರ ಆದೇಶ ಕೊಟ್ಟಿತು. ಹಾಗಾಗಿ ತಡವಾಗಿದ್ದರೂ ಕೈಬಿಡದೆ ವಕೀಲರನ್ನು ಕೇಳಿ. ಆದರೆ ಮಧ್ಯಂತರ ಆದೇಶ ಬದಲಾಗಬಹುದು, ಅದನ್ನು ನಂಬಿ ಹೊಸದಾಗಿ ಕಾಯುತ್ತಾ ಕೂರಬೇಡಿ.

ಎಲ್ಲ ಅಪಘಾತಕ್ಕೂ ಒಂದೇ ಗಡುವಲ್ಲ. ಕೆಲಸದ ಸ್ಥಳದಲ್ಲಿ, ಅಂದರೆ ಕಾರ್ಖಾನೆಯಲ್ಲೋ ಕಟ್ಟಡದ ಮೇಲಿಂದಲೋ ಬಿದ್ದು ತಲೆಗೆ ಪೆಟ್ಟಾದರೆ, ಎರಡು ವರ್ಷ. ರೈಲಿನಿಂದ ಬಿದ್ದರೆ ರೈಲ್ವೆ ಪರಿಹಾರ ನ್ಯಾಯಮಂಡಳಿಗೆ ಒಂದು ವರ್ಷ. ಗುದ್ದಿದ ವಾಹನ ನಿಲ್ಲದೆ ಓಡಿಹೋಗಿ ಪತ್ತೆಯೇ ಆಗದಿದ್ದರೆ ಅದಕ್ಕೂ ಸರ್ಕಾರದ ಯೋಜನೆ ಇದೆ: ತೀವ್ರ ಗಾಯಕ್ಕೆ 50 ಸಾವಿರ, ಸಾವಾದರೆ 2 ಲಕ್ಷ ರೂಪಾಯಿ.

ಇಷ್ಟು ನೆನಪಿಡಿ

ಅಪಘಾತದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಆರು ತಿಂಗಳಿಗೆ ಮೊದಲೇ ಅರ್ಜಿ ಹಾಕಿ.

ಪೊಲೀಸರು ಮೂರು ತಿಂಗಳೊಳಗೆ ಅಪಘಾತದ ವರದಿಯನ್ನು ನ್ಯಾಯಮಂಡಳಿಗೆ ಕಳಿಸಬೇಕು. ನ್ಯಾಯಮಂಡಳಿ ಅದನ್ನೇ ಪರಿಹಾರದ ಅರ್ಜಿಯಾಗಿ ತೆಗೆದುಕೊಳ್ಳಬಹುದು. ವರದಿ ಹೋಗಿದೆಯೇ ಅಂತ ಠಾಣೆಯಲ್ಲಿ ಕೇಳಿ.

ಅಪಘಾತ ಬೇರೆ ಊರಿನಲ್ಲಿ ಆಗಿದ್ದರೂ ನೀವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಕನಕಪುರದವರು ಸೇಲಂಗೆ ಅಲೆಯಬೇಕಾಗಿಲ್ಲ.

ಗಾಯಾಳು ಮಗುವಾಗಿದ್ದರೆ, ಅಥವಾ ತಿಳಿದು ಸಹಿ ಹಾಕುವ ಸ್ಥಿತಿಯಲ್ಲಿ ಇಲ್ಲದಿದ್ದರೆ, ಮನೆಯವರು ಅವರ ಪರವಾಗಿ ಅರ್ಜಿ ಹಾಕಬಹುದು.

ಹೆಂಗಸರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಉಚಿತ ವಕೀಲರ ನೆರವು ಕಾನೂನಿನ ಹಕ್ಕು. ಆದಾಯ ಕಡಿಮೆ ಇರುವವರಿಗೂ ಸಿಗುತ್ತದೆ. ಸಹಾಯವಾಣಿ 15100.

ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ 1.5 ಲಕ್ಷ ರೂಪಾಯಿಯಷ್ಟು ಚಿಕಿತ್ಸೆ ನಗದಿಲ್ಲದೆ ಕೊಡುವ ಯೋಜನೆ 2025ರ ಮೇ ತಿಂಗಳಿಂದ ಇದೆ.

ಮಕ್ಕಳೇ, ನಿಮಗೆ ಒಂದೇ ಕೆಲಸ. ಹೆಲ್ಮೆಟ್ ಹಾಕಿದರೆ ಸಾಲದು, ಗಲ್ಲದ ಪಟ್ಟಿ 'ಟಕ್' ಅನ್ನಬೇಕು. ಅಪ್ಪನ ಹಿಂದೆ ಕೂರುವಾಗ ನಿಮ್ಮದೂ ಟಕ್, ಅಪ್ಪನದೂ ಟಕ್. ಕೇಳಿಸದಿದ್ದರೆ ಗಾಡಿ ಹೊರಡಲು ಬಿಡಬೇಡಿ.

ತಮ್ಮ ಈಗಲೂ ಲೇತಿನ ಮುಂದೆ ಕೂರುತ್ತಾನೆ, ದಿನಕ್ಕೆ ಒಂದೆರಡು ಗಂಟೆ. ಐದು ಬಣ್ಣದ ಬುಗುರಿ ಅವನಿಂದ ಆಗುವುದಿಲ್ಲ. ಎರಡು ಬಣ್ಣದ್ದು ಮಾಡುತ್ತಾನೆ. ಮೊಮ್ಮಗಳು ಶಾಲೆಯಿಂದ ಬಂದ ಮೇಲೆ ಪಕ್ಕದಲ್ಲಿ ಕೂತು ಅರಗಿನ ಕಡ್ಡಿಗಳನ್ನು ಸಾಲಾಗಿ ಜೋಡಿಸಿಕೊಡುತ್ತಾಳೆ. "ಈಗ ಹಳದಿ ಚಿಕ್ಕತಾತ, ಈಗ ಕೆಂಪು" ಅನ್ನುತ್ತಾಳೆ. ಕೆಲವು ದಿನ ಅವನು ರೇಗುತ್ತಾನೆ. ಕೆಲವು ದಿನ ನಗುತ್ತಾನೆ.