ರುಜು ಯಾರದು?

ನಿಮ್ಮ ಜೇಬಿನಲ್ಲಿರುವುದು ಆಂಡ್ರಾಯ್ಡ್ ಫೋನಾದರೆ ಅದರ ತಳಹದಿಯಲ್ಲಿ ಲಿನಕ್ಸ್ ಎಂಬ ತಂತ್ರಾಂಶವಿದೆ. ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಆರಂಭಿಸಿದ ಈ ಕಾರ್ಯಕ್ಕೆ ಇಂದು ಲೋಕದ ನಾನಾ ಭಾಗಗಳಿಂದ ಸಾವಿರಾರು ಮಂದಿ ಕೈಗೂಡಿಸುತ್ತಿದ್ದಾರೆ. ಇಂತಹವುಗಳಿಗೆ ಓಪನ್ ಸೋರ್ಸ್ ತಂತ್ರಾಂಶ, ಎಂದರೆ ಮುಕ್ತ ತಂತ್ರಾಂಶ ಎಂದು ಹೆಸರು. ಯಂತ್ರಕ್ಕಾಗಿ ಬರೆದ ಆಜ್ಞೆಗಳ ಪಾಠವೇ ಕೋಡ್. ಮುಕ್ತ ತಂತ್ರಾಂಶದ ಕೋಡನ್ನು ಯಾರು ಬೇಕಾದರೂ ಓದಬಹುದು, ಬಳಸಬಹುದು, ತಿದ್ದಿ ಉತ್ತಮಪಡಿಸಬಹುದು.

ಬಾಗಿಲು ತೆರೆದಿದೆಯೆಂದ ಮಾತ್ರಕ್ಕೆ ಕಾವಲಿಲ್ಲವೆಂದು ತಿಳಿಯಬಾರದು. ಹೊರಗಿನವರು ಕಳುಹಿಸಿದ ತಿದ್ದುಪಡಿಯನ್ನು ಆಯಾ ಯೋಜನೆಯ ಪಾಲಕರು ಸಾಲುಸಾಲಾಗಿ ಓದಿ, ಪರೀಕ್ಷಿಸಿ, ಒಪ್ಪಿಗೆಯಾದರೆ ಮಾತ್ರ ಸೇರಿಸುತ್ತಾರೆ. ಇವರಲ್ಲಿ ಅನೇಕರು ಸಂಬಳವಿಲ್ಲದೆ ಬಿಡುವಿನ ವೇಳೆಯಲ್ಲಿ ದುಡಿಯುವವರು. ಹಿಂದೆ ಬರೆಯುವವನೂ ಶ್ರಮಪಡಬೇಕಾಗಿದ್ದುದರಿಂದ ಅವನ ಶ್ರಮಕ್ಕೂ ಓದುವವನ ಶ್ರಮಕ್ಕೂ ಒಂದು ಸಮತೂಕವಿತ್ತು. ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದ ಮೇಲೆ ಆ ತೂಕ ತಪ್ಪಿತು. ಎರಡು ಮಾತು ಹೇಳಿದರೆ ಸಾಕು, ಕ್ಷಣಮಾತ್ರದಲ್ಲಿ ಇನ್ನೂರು ಸಾಲು ಕೋಡ್ ಸಿದ್ಧವಾಗುತ್ತದೆ. ನೋಟಕ್ಕೆ ಅದು ಅಚ್ಚುಕಟ್ಟಾಗಿಯೇ ಇರುತ್ತದೆ. ಸರಿಯೋ ತಪ್ಪೋ ಎಂದು ನಿರ್ಣಯಿಸುವ ಹೊರೆ ಮಾತ್ರ ಓದುವವನ ತಲೆಯ ಮೇಲೆ ಬೀಳುತ್ತದೆ.

ಈ ಹೊರೆ ಎಂತಹುದೆಂಬುದಕ್ಕೆ ಕರ್ಲ್ ಎಂಬ ಯೋಜನೆಯ ಅನುಭವವನ್ನು ನೋಡಬಹುದು. ಅಂತರಜಾಲದಲ್ಲಿ ಮಾಹಿತಿಯನ್ನು ಸಾಗಿಸುವ ಈ ತಂತ್ರಾಂಶವನ್ನು ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಲ್ಲಿ ಹೊರತಂದರು. ಇದರಲ್ಲಿ ಭದ್ರತೆಯ ಲೋಪವನ್ನು ತೋರಿಸಿಕೊಟ್ಟವರಿಗೆ 2019ರಿಂದ ಬಹುಮಾನದ ಹಣ ಕೊಡುವ ಪದ್ಧತಿಯಿತ್ತು. 2025ರ ಜುಲೈ ವೇಳೆಗೆ ಆ ವರ್ಷ ಬಂದ ದೂರುಗಳಲ್ಲಿ ನಿಜವಾದ ಲೋಪಗಳು ನೂರಕ್ಕೆ ಸುಮಾರು 5 ಮಾತ್ರ. ಯಂತ್ರ ಹೆಣೆದ ಹುರುಳಿಲ್ಲದ ದೂರುಗಳು ನೂರಕ್ಕೆ ಸುಮಾರು 20 ಎಂದು ಸ್ಟೆನ್‌ಬರ್ಗ್ ಲೆಕ್ಕ ಕೊಟ್ಟರು. ಕಡೆಗೆ 2026ರ ಜನವರಿ ಮುಗಿಯುವಷ್ಟರಲ್ಲಿ ಬಹುಮಾನವನ್ನೇ ನಿಲ್ಲಿಸಬೇಕಾಯಿತು. ಇದು ಕೋಡಿಗಲ್ಲ, ದೂರಿಗೆ ಸೇರಿದ ಮಾತು. ಆದರೂ ದಣಿವು ಒಂದೇ ಬಗೆಯದು.

ಎರಡನೆಯ ತೊಡಕು ಒಡೆತನದ್ದು. 2003ರಲ್ಲಿ ಅಮೆರಿಕದ ಎಸ್‌ಸಿಒ ಎಂಬ ಕಂಪನಿ, ತನ್ನ ಕೋಡ್ ಲಿನಕ್ಸಿನಲ್ಲಿ ಸೇರಿಕೊಂಡಿದೆಯೆಂದು ವಾದಿಸಿ ಐಬಿಎಂ ಕಂಪನಿಯ ಮೇಲೆ ದಾವೆ ಹೂಡಿತು. ಅದರ ಬೆನ್ನಲ್ಲೇ 2004ರಲ್ಲಿ ಲಿನಕ್ಸಿನವರು ಒಂದು ಪ್ರಮಾಣಪತ್ರದ ಕ್ರಮವನ್ನು ತಂದರು. 'ಇದನ್ನು ನಾನು ಬರೆದೆನು, ಅಥವಾ ಇದನ್ನು ಕೊಡುವ ಹಕ್ಕು ನನಗುಂಟು' ಎಂಬ ಅರ್ಥದಲ್ಲಿ ಪ್ರತಿ ತಿದ್ದುಪಡಿಯ ಕೆಳಗೂ ಕೊಡುವವನು ತನ್ನ ಹೆಸರು ಹಾಕಬೇಕು. ಯಂತ್ರವಾದರೋ ಅಸಂಖ್ಯಾತ ಜನರ ಬರಹವನ್ನು ಅರೆದು ಕುಡಿದು ಉತ್ತರ ಕೊಡುತ್ತದೆ. ಅದು ಕೊಟ್ಟ ಸಾಲು ಎಲ್ಲಿಂದ ಬಂದಿತೆಂದು ತಿಳಿಯದವನು ಯಾವ ಧೈರ್ಯದಿಂದ ರುಜು ಹಾಕಬೇಕು?

ಈ ಪ್ರಶ್ನೆಗೆ ಯೋಜನೆಗಳು ಎರಡು ಬಗೆಯಾಗಿ ಉತ್ತರ ಕೊಟ್ಟಿವೆ. ಮೊದಲನೆಯದು ನಿಷೇಧ. ಜೆಂಟೂ ಲಿನಕ್ಸಿನ ಆಡಳಿತ ಮಂಡಳಿ 2024ರ ಏಪ್ರಿಲಿನಲ್ಲಿ ಕೃತಕ ಬುದ್ಧಿಮತ್ತೆಯ ನೆರವಿನಿಂದ ಸಿದ್ಧವಾದುದನ್ನು ಸಲ್ಲಿಸಕೂಡದೆಂದು ತೀರ್ಮಾನಿಸಿತು. ಕೃತಿಸ್ವಾಮ್ಯ, ಗುಣಮಟ್ಟ, ನೈತಿಕತೆ ಎಂಬ ಮೂರು ಕಾರಣಗಳನ್ನು ಅದು ಮುಂದಿಟ್ಟಿತು. ಮರುತಿಂಗಳೇ ನೆಟ್‌ಬಿಎಸ್‌ಡಿ ಯೋಜನೆ, ಇಂತಹ ಕೋಡನ್ನು ಕಳಂಕಿತವೆಂದೇ ಭಾವಿಸತಕ್ಕದ್ದು, ಮುಖ್ಯ ತಂಡದ ಲಿಖಿತ ಅನುಮತಿಯಿಲ್ಲದೆ ಸೇರಿಸಕೂಡದು ಎಂದು ವಿಧಿಸಿತು. 2025ರಲ್ಲಿ ಕ್ಯೂಇಎಂಯು ಯೋಜನೆ ಮೇಲೆ ಹೇಳಿದ ಪ್ರಮಾಣಪತ್ರವನ್ನೇ ಆಧಾರವಾಗಿಟ್ಟುಕೊಂಡು ಯಂತ್ರದ ಕೋಡನ್ನು ನಿರಾಕರಿಸಿತು.

ಎರಡನೆಯದು ನಿಯಮಬದ್ಧವಾದ ಒಪ್ಪಿಗೆ. ಫೆಡೋರಾ ಯೋಜನೆ 2025ರ ಅಕ್ಟೋಬರಿನಲ್ಲಿ ಯಂತ್ರದ ನೆರವನ್ನು ಒಪ್ಪಿತು. ಆದರೆ ಸಲ್ಲಿಸಿದವನೇ ಪೂರ್ಣ ಹೊಣೆಗಾರ. ಗಣನೀಯವಾದ ನೆರವು ಪಡೆದಿದ್ದರೆ ಅದನ್ನು ತಿಳಿಸಬೇಕು. ಲಿನಕ್ಸ್ ಕರ್ನಲಿನ ಮಾರ್ಗದರ್ಶಿಯೂ ಹೀಗೆಯೇ ನಡೆದಿದೆ. ಯಾವ ಯಂತ್ರದ ಸಹಾಯ ಪಡೆಯಿತೆಂದು ಬೇರೊಂದು ಸಾಲಿನಲ್ಲಿ ಸೂಚಿಸಬೇಕು. ಪ್ರಮಾಣದ ರುಜುವನ್ನು ಮಾತ್ರ ಯಂತ್ರ ಹಾಕಕೂಡದು, ಮನುಷ್ಯನೇ ಹಾಕಬೇಕು.

ಇಲ್ಲಿ ಒಂದು ಪೂರ್ವಪಕ್ಷವುಂಟು. ಯಂತ್ರ ಬರೆದುದು ಯಾವುದು, ಮನುಷ್ಯ ಬರೆದುದು ಯಾವುದು ಎಂದು ನೋಡಿ ಹೇಳಲು ಸಾಧ್ಯವಿಲ್ಲದಿರುವಾಗ ನಿಷೇಧದಿಂದ ಬಂದ ಫಲವೇನು? ಅಲ್ಲದೆ ಯಂತ್ರದಿಂದ ಉಪಕಾರವೂ ಇದೆಯಲ್ಲ? ಎರಡು ಮಾತೂ ನಿಜವೇ. ಅದೇ ಕರ್ಲ್ ಯೋಜನೆಗೆ 2025ರಲ್ಲಿ ಒಬ್ಬ ಸಂಶೋಧಕರು ಇಂತಹ ಸಾಧನಗಳಿಂದ ಕಂಡುಹಿಡಿದ ದೋಷಗಳ ದೊಡ್ಡ ಪಟ್ಟಿಯನ್ನು ಕಳುಹಿಸಿದರು. ಅವುಗಳಲ್ಲಿ ಅನೇಕವು ನಿಜವಾದ ದೋಷಗಳೇ ಆಗಿದ್ದು, ತಿದ್ದಲ್ಪಟ್ಟವು. ಆದುದರಿಂದ ದೋಷ ಸಾಧನದ್ದಲ್ಲ. ತಾನು ಅರಿಯದುದನ್ನು ತನ್ನದೆಂದು ಮುಂದಿಡುವುದು ದೋಷ. ನಿಷೇಧಕ್ಕೂ ಅರ್ಥವಿಲ್ಲದಿಲ್ಲ. ಬೇಡವೆನ್ನುವ ನಿಯಮವೊಂದಿದ್ದರೆ, ದಣಿದ ಪಾಲಕ ದೀರ್ಘ ಚರ್ಚೆಗೆ ಇಳಿಯದೆ ಅದನ್ನು ತೋರಿಸಿ ಹಿಂದಿರುಗಿಸಬಹುದು.

ಹಳೆಯ ಓಲೆಗರಿಯ ಕಟ್ಟುಗಳನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ಲಿಪಿಕಾರನು ಎಷ್ಟೋ ವೇಳೆ ಗ್ರಂಥದ ಕೊನೆಯಲ್ಲಿ ತನ್ನ ಹೆಸರನ್ನು ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಬಲ್ಲವರಲ್ಲಿ ಬೇಡುತ್ತಿದ್ದನು. ಹೆಸರಿಲ್ಲದೆ ನಡುವೆ ಸೇರಿಕೊಂಡ ಪದ್ಯಗಳೇ ಪ್ರಕ್ಷಿಪ್ತಗಳು. ಅವನ್ನು ಬೇರ್ಪಡಿಸಲು ವಿದ್ವಾಂಸರು ವರ್ಷಗಟ್ಟಲೆ ದುಡಿದಿದ್ದಾರೆ. ಸೇರಿಸುವುದು ಗಳಿಗೆಯ ಕೆಲಸ, ಶೋಧಿಸುವುದು ತಲೆಮಾರುಗಳ ಕೆಲಸ.

ನಮ್ಮ ನಾಡಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿಯೂ ಇಂತಹ ಯೋಜನೆಗಳಿಗೆ ತಿದ್ದುಪಡಿ ಕಳುಹಿಸುವವರಿದ್ದಾರೆ. ಉದ್ಯೋಗದ ಅರ್ಜಿಯಲ್ಲಿ ಅದಕ್ಕೊಂದು ಬೆಲೆಯೂ ಉಂಟು. ಅವರಿಗೆ ಹೇಳಬೇಕಾದುದು ಇಷ್ಟೆ. ಮೊದಲು ಆ ಯೋಜನೆಯ ನಿಯಮವನ್ನು ಓದಿರಿ. ಬೇಡವೆಂದಿದ್ದರೆ ಬೇಡ. ಆಗಬಹುದೆಂದಿದ್ದರೆ ನೆರವು ಪಡೆದುದನ್ನು ಮುಚ್ಚಿಡಬೇಡಿರಿ. ಒಂದೊಂದು ಸಾಲೂ ಏಕೆ ಹಾಗಿದೆಯೆಂದು ಕೇಳಿದರೆ ನೀವೇ ವಿವರಿಸಬಲ್ಲಿರಾದರೆ ಮಾತ್ರ ಕಳುಹಿಸಿರಿ. ಅದನ್ನು ಓದಲು ಆ ಕಡೆ ಒಬ್ಬ ಮನುಷ್ಯ ತನ್ನ ನಿದ್ದೆಯ ಹೊತ್ತನ್ನು ಕೊಡುತ್ತಿದ್ದಾನೆಂಬುದು ನೆನಪಿರಲಿ.