ವಾಣಿಜ್ಯ ವ್ಯಾಸಂಗದಲ್ಲಿ ಎರಡು ಪ್ರಧಾನ ವಿಷಯಗಳು

ಮಾಗಡಿ ತಾಲ್ಲೂಕಿನ ಕೆಂಪಾಪುರವು ಹಿರಿಯ ಕೆಂಪೇಗೌಡರ ಸಮಾಧಿಸ್ಥಳವೆಂದು 2015ರಲ್ಲಿ ಗುರುತಿಸಲ್ಪಟ್ಟು ನಾಡಿನ ಗಮನವನ್ನು ಸೆಳೆಯಿತು. ಆ ಪ್ರಭುವು ಕಟ್ಟಿದ ಬೆಂಗಳೂರಿನಲ್ಲಿ ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ ಎಂದು ಒಂದೊಂದು ಸರಕಿಗೆ ಒಂದೊಂದು ಬೀದಿಯ ಹೆಸರು ನಿಂತಿತು. ಸರಕು ಒಂದೇ ಆದರೂ ವರ್ತಕನಿಗೆ ಬೇಕಾದ ತಿಳಿವಳಿಕೆ ಒಂದೇ ಬಗೆಯದಲ್ಲ. ಸರಕಿನ ಗುಣ, ತೂಕ, ಸಾಲದ ನಂಬಿಕೆ, ಖಾತೆಯ ಲೆಕ್ಕ, ಗಿರಾಕಿಯ ಮನಸ್ಸು ಇವೆಲ್ಲವನ್ನೂ ಅವನು ಬಲ್ಲವನಾಗಿರಬೇಕು. ಇಂದಿನ ವಿಶ್ವವಿದ್ಯಾಲಯಗಳು ಈ ತಿಳಿವಳಿಕೆಯನ್ನು ಬೇರೆ ಬೇರೆ ಶಾಸ್ತ್ರಗಳಾಗಿ ವಿಂಗಡಿಸಿ ಬೋಧಿಸುತ್ತವೆ. ಹಾಗೆ ವಿಂಗಡಿಸಿದುದನ್ನು ವಿದ್ಯಾರ್ಥಿಯು ಮತ್ತೆ ಎಷ್ಟರಮಟ್ಟಿಗೆ ಜೋಡಿಸಿಕೊಳ್ಳಬಲ್ಲನು ಎಂಬುದೇ ಒಂದಕ್ಕಿಂತ ಹೆಚ್ಚು ಪ್ರಧಾನ ವಿಷಯಗಳ ವ್ಯಾಸಂಗವು ಎತ್ತುವ ಪ್ರಶ್ನೆ.

ಮೊದಲು ಒಂದು ಭೇದವನ್ನು ಗಮನಿಸಬೇಕು. ಒಂದೇ ಪದವಿಯೊಳಗೆ ಎರಡು ವಿಷಯಗಳನ್ನು ವಿಶೇಷವಾಗಿ ಓದುವುದು ಬೇರೆ. ಏಕಕಾಲದಲ್ಲಿ ಎರಡು ಪದವಿಗಳಿಗೆ ಓದುವುದು ಬೇರೆ. ಎರಡನೆಯದಕ್ಕೆ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರಲ್ಲಿ ಅವಕಾಶವಿತ್ತಿತು. ಮೊದಲನೆಯದು ಅದಕ್ಕಿಂತ ಹಳೆಯ ಪದ್ಧತಿ. ಅಮೆರಿಕದಲ್ಲಿ 1881ರಲ್ಲಿ ಸ್ಥಾಪಿತವಾದ ವಾರ್ಟನ್ ಶಾಲೆಯಲ್ಲಿ ಸ್ನಾತಕ ವಿದ್ಯಾರ್ಥಿಗಳೆಲ್ಲರೂ ಪಡೆಯುವುದು ಅರ್ಥಶಾಸ್ತ್ರದ ಒಂದೇ ಪದವಿ. ಅದರೊಳಗೆ ಹಣಕಾಸು, ಲೆಕ್ಕಶಾಸ್ತ್ರ ಮೊದಲಾದ ವಿಶೇಷ ವಿಷಯಗಳಲ್ಲಿ ಒಂದನ್ನಾಗಲಿ ಹೆಚ್ಚನ್ನಾಗಲಿ ಆರಿಸಿಕೊಳ್ಳಬಹುದು.

ಕರ್ನಾಟಕದಲ್ಲಿ 2021-22ರಿಂದ ಜಾರಿಗೆ ಬಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮವು ಈ ಪದ್ಧತಿಯನ್ನು ಬಿ.ಬಿ.ಎ. ತರಗತಿಗಳಿಗೂ ತಂದಿತು. ಹಣಕಾಸು, ಮಾರುಕಟ್ಟೆ ನಿರ್ವಹಣೆ, ಮಾನವ ಸಂಪನ್ಮೂಲ, ದತ್ತಾಂಶ ವಿಶ್ಲೇಷಣೆ ಮುಂತಾದ ಗುಂಪುಗಳಿಂದ ವಿದ್ಯಾರ್ಥಿಯು ಎರಡನ್ನು ಆರಿಸಿಕೊಂಡು, ಅವುಗಳನ್ನೇ ಐದನೆಯ ಮತ್ತು ಆರನೆಯ ಸೆಮಿಸ್ಟರುಗಳಲ್ಲಿ ಮುಂದುವರಿಸಬೇಕೆಂದು ನಿಯಮವಾಯಿತು. 2024-25ರಲ್ಲಿ ರಾಜ್ಯವು ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ನೀತಿಗಳು ಬದಲಾಗಬಹುದು, ಆದರೆ ಒಂದನ್ನು ಆಳವಾಗಿ ಓದಬೇಕೋ ಎರಡನ್ನು ಜೊತೆಯಾಗಿ ಓದಬೇಕೋ ಎಂಬ ವಿದ್ಯಾರ್ಥಿಯ ಪ್ರಶ್ನೆ ಬದಲಾಗದು.

ನಮ್ಮ ಪೂರ್ವಿಕರು ಬಹುಶ್ರುತನನ್ನು ಗೌರವಿಸಿದರು, ಪಲ್ಲವಗ್ರಾಹಿಯನ್ನು ಹಾಸ್ಯಮಾಡಿದರು. ಇಬ್ಬರೂ ಹಲವನ್ನು ಬಲ್ಲವರೇ. ಆದರೆ ಬಹುಶ್ರುತನು ಒಂದು ಶಾಸ್ತ್ರದಲ್ಲಿ ಬೇರುಬಿಟ್ಟು ಉಳಿದವುಗಳತ್ತ ಕೊಂಬೆ ಚಾಚಿದವನು; ಪಲ್ಲವಗ್ರಾಹಿಯಾದರೋ ಎಲ್ಲ ಮರಗಳ ಚಿಗುರನ್ನಷ್ಟೇ ಚಿವುಟಿದವನು. ಮೂರು ವರ್ಷದ ಪದವಿಯಲ್ಲಿ ಭಾಷೆಗಳಿಗೂ ಮೂಲವಿಷಯಗಳಿಗೂ ಸಲ್ಲಬೇಕಾದ ವೇಳೆಯು ಸಂದ ಬಳಿಕ ವಿಶೇಷ ವಿಷಯಕ್ಕೆ ಉಳಿಯುವುದು ಸ್ವಲ್ಪವೇ. ಅದನ್ನು ಎರಡಾಗಿ ಹಂಚಿದಾಗ ಒಂದೊಂದಕ್ಕೂ ಕೆಲವೇ ಪತ್ರಿಕೆಗಳು ದೊರೆಯುತ್ತವೆ. ಅಂಕಪಟ್ಟಿಯಲ್ಲಿ ಎರಡು ಹೆಸರುಗಳಿದ್ದ ಮಾತ್ರಕ್ಕೆ ಎರಡು ವಿದ್ಯೆಗಳು ಕೈವಶವಾದುವೆಂದು ತಿಳಿಯಲಾಗದು.

ಹಾಗೆಂದು ಈ ಪದ್ಧತಿಯು ನಿಷ್ಪ್ರಯೋಜಕವಲ್ಲ. ಎರಡು ವಿಷಯಗಳೂ ಒಂದೇ ಉದ್ಯಮಕ್ಕೆ ಎರಡು ಕೈಗಳಾಗಿ ಒದಗಿದರೆ ಅದರ ಬೆಲೆ ದೊಡ್ಡದು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೋಡಬಹುದು. ಹರಾಜಿನಲ್ಲಿ ಗೂಡನ್ನು ಕೊಂಡ ರೀಲರು, ಪತಂಗವು ಗೂಡನ್ನು ಕೊರೆದು ಹೊರಬರುವ ಮುನ್ನವೇ ಅದನ್ನು ಸಂಸ್ಕರಿಸಿ ನೂಲು ತೆಗೆಯಬೇಕು. ಗೂಡಿಗೆ ಹಣ ತೆತ್ತ ದಿನದಿಂದ ನೂಲಿನ ಹಣ ಕೈಸೇರುವ ದಿನದವರೆಗೆ ಬಂಡವಾಳವು ಸರಕಿನಲ್ಲೇ ಸಿಕ್ಕಿಕೊಂಡಿರುತ್ತದೆ. ನಡುವೆ ಧಾರಣೆ ಏರಿಳಿಯುತ್ತದೆ. ಇಲ್ಲಿ ಹಣಕಾಸಿನೊಂದಿಗೆ ದತ್ತಾಂಶ ವಿಶ್ಲೇಷಣೆಯನ್ನು ಬಲ್ಲವನು ಧಾರಣೆಯ ಗತಿಯನ್ನು ಅರಿತು ಸಾಲದ ಮಿತಿಯನ್ನು ಗೊತ್ತುಪಡಿಸಿಕೊಳ್ಳಬಲ್ಲನು. ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳಿಗೆ ಭೌಗೋಳಿಕ ಸೂಚಕದ ರಕ್ಷಣೆಯುಂಟು. ಅಲ್ಲಿಯ ಕುಶಲಕರ್ಮಿಯ ಮಗಳು ಮಾರುಕಟ್ಟೆ ನಿರ್ವಹಣೆಯನ್ನಷ್ಟೇ ಓದಿದರೆ ಗೊಂಬೆಯನ್ನು ಮಾರಬಲ್ಲಳು. ಅದರ ಜೊತೆಗೆ ಲೆಕ್ಕಶಾಸ್ತ್ರವನ್ನೂ ಓದಿದರೆ ಒಂದು ಗೊಂಬೆಗೆ ಬಿದ್ದ ಮರ, ಅರಗು, ಕೂಲಿಗಳ ಖರ್ಚೆಷ್ಟು, ಯಾವ ಬೆಲೆಗಿಂತ ಕೆಳಗಿಳಿದರೆ ನಷ್ಟ ಎಂಬುದನ್ನೂ ಹೇಳಬಲ್ಲಳು. ಆಯ್ಕೆಗೆ ಒರೆಗಲ್ಲು ಇದೇ: ಒಂದು ವಿಷಯದ ಪ್ರಶ್ನೆಗೆ ಇನ್ನೊಂದು ವಿಷಯವು ಉತ್ತರ ಕೊಡುವಂತಿರಬೇಕು.

ಇಷ್ಟಾದರೂ ಒಂದು ಕಠಿಣ ಸಂಗತಿ ಉಳಿಯುತ್ತದೆ. ಪಠ್ಯಕ್ರಮದಲ್ಲಿ ಅಚ್ಚಾದ ಆಯ್ಕೆಯು ಕಾಲೇಜಿನಲ್ಲಿ ದೊರೆಯುವ ಆಯ್ಕೆಯಲ್ಲ. ಆರು ಗುಂಪುಗಳ ಹೆಸರಿದ್ದರೂ ಇಬ್ಬರೇ ಅಧ್ಯಾಪಕರಿರುವ ಕಡೆ, ಅವರು ಬಲ್ಲ ಎರಡು ಗುಂಪುಗಳೇ ಎಲ್ಲರ ಪಾಲಿಗೂ ಬರುತ್ತವೆ. ನಗರದ ವಿದ್ಯಾರ್ಥಿಯು ತನ್ನ ಒಲವಿನಂತೆ ಆರಿಸಿಕೊಂಡರೆ, ಗ್ರಾಮದಿಂದ ಬಂದವನು ಇದ್ದುದನ್ನು ಒಪ್ಪಿಕೊಳ್ಳುತ್ತಾನೆ. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲೇರಿದವನಿಗೆ ಈ ವ್ಯತ್ಯಾಸವನ್ನು ತಿಳಿಸಿಹೇಳುವವರು ಮನೆಯಲ್ಲಿ ಇರುವುದಿಲ್ಲ. ಅವನಿಗೆ ಅದು ಅರಿವಾಗುವ ವೇಳೆಗೆ ಮೂರು ವರ್ಷಗಳೂ ತಂದೆತಾಯಿಗಳ ಹಣವೂ ಕಳೆದುಹೋಗಿರುತ್ತವೆ.

ಆದಕಾರಣ ಪ್ರೌಢಶಾಲೆ, ಪದವಿಪೂರ್ವ ತರಗತಿಗಳ ಅಧ್ಯಾಪಕರು ಕಾಲೇಜಿನ ಹೆಸರನ್ನಷ್ಟೇ ಸೂಚಿಸಿ ಸುಮ್ಮನಾಗಬಾರದು. ಅಲ್ಲಿ ಯಾವ ಗುಂಪುಗಳಿಗೆ ನಿಜವಾಗಿ ಪಾಠ ನಡೆಯುತ್ತದೆ ಎಂಬುದನ್ನು ಪ್ರವೇಶಕ್ಕೆ ಮುನ್ನವೇ ವಿಚಾರಿಸಿಕೊಡಬೇಕು. ಬ್ಯಾಂಕು, ಕಚೇರಿ, ವ್ಯಾಪಾರಗಳಲ್ಲಿ ನೆಲೆನಿಂತ ಹಿರಿಯ ವಿದ್ಯಾರ್ಥಿಗಳು, ತಮ್ಮ ವೃತ್ತಿಯಲ್ಲಿ ಯಾವ ಎರಡು ವಿದ್ಯೆಗಳು ಕೂಡಿ ಉಪಯೋಗಕ್ಕೆ ಬಂದುವೆಂಬುದನ್ನು ಕಿರಿಯರಿಗೆ ಹೇಳಬಹುದು. ದಾನಿಗಳು ಕಟ್ಟಡಕ್ಕೆ ಕೊಡುವ ದಾನವು ಕಣ್ಣಿಗೆ ಕಾಣುತ್ತದೆ. ಒಂದು ವಿಷಯಕ್ಕೆ ಇನ್ನೊಬ್ಬ ಅಧ್ಯಾಪಕರನ್ನು ನಿಯಮಿಸಲು ಕೊಡುವ ದಾನವು ಕಾಣದು. ಆದರೆ ವಿದ್ಯಾರ್ಥಿಗೆ ಆಯ್ಕೆಯೆಂಬುದು ಮಾತಿನಲ್ಲಿ ಉಳಿಯದೆ ಕೈಗೆಟಕುವುದು ಆ ಎರಡನೆಯ ದಾನದಿಂದಲೇ.