ಚಿನ್ನದ ಸೂಕ್ಷ್ಮಕಣಗಳೂ ಬೆಳಕಿನ ಉಷ್ಣವೂ: ದಕ್ಷತೆಯನ್ನು ಅಳೆಯುವ ಕ್ರಮ

ಹಾಸನ ಜಿಲ್ಲೆಗೆ ಚಿನ್ನವು ಹೊಸತಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಶಿಲಾಪಟ್ಟಿಯಲ್ಲಿ, ಕೆಂಪಿನಕೋಟೆಯ ಬಳಿ, ಹಿಂದಿನವರು ಚಿನ್ನಕ್ಕಾಗಿ ತೋಡಿದ ಕುಳಿಗಳುಂಟು. ಹೀಗೆ ದೊರೆತ ಲೋಹವನ್ನು ಅಕ್ಕಸಾಲಿಗನು ಒರೆಗಲ್ಲಿಗೆ ತಿಕ್ಕಿ, ಗುಲಗಂಜಿಯ ತೂಕಕ್ಕಿಟ್ಟು ಬೆಲೆಕಟ್ಟುತ್ತಿದ್ದನು. ಇಂದಿನ ಪ್ರಯೋಗಶಾಲೆಗಳಲ್ಲಿ ಅದೇ ಲೋಹದ ಅತಿಸೂಕ್ಷ್ಮ ಕಣಗಳಿಗೆ ಬೇರೊಂದು ಪರೀಕ್ಷೆ ನಡೆಯುತ್ತದೆ: ಅವು ಹಿಡಿದ ಬೆಳಕಿನಲ್ಲಿ ಎಷ್ಟು ಪಾಲು ಉಷ್ಣವಾಗಿ ಪರಿಣಮಿಸುತ್ತದೆ ಎಂಬುದೇ ಆ ಪರೀಕ್ಷೆ. ಇತಿಹಾಸದ ಅಧ್ಯಾಪಕನಿಗೆ ಇದರಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಒಂದು ಶಾಸನದ ಕಾಲವನ್ನು ಯಾರಾದರೂ ಹೇಳಿದರೆ, ಅದು ಹೇಗೆ ತಿಳಿಯಿತೆಂದು ಕೇಳುವುದು ನಮ್ಮ ವೃತ್ತಿಧರ್ಮ. ದಕ್ಷತೆಯ ಅಂಕಿಗೂ ಅದೇ ಪ್ರಶ್ನೆ ಸಲ್ಲುತ್ತದೆ.

ನುಣ್ಣಗಾದ ಚಿನ್ನವು ನೀರಿನಲ್ಲಿ ಹಳದಿಯಾಗಿರದೆ ಮಾಣಿಕ್ಯದಂತೆ ಕೆಂಪಾಗಿ ತೋರುವುದನ್ನು ಮೈಕೇಲ್ ಫ್ಯಾರಡೆಯು 1857ರಲ್ಲಿ ವಿವರವಾಗಿ ಪರಿಶೀಲಿಸಿದನು. 1908ರಲ್ಲಿ ಗುಸ್ತಾವ್ ಮೀ ಇದಕ್ಕೆ ಗಣಿತದ ಆಧಾರವನ್ನು ಒದಗಿಸಿದನು. ಸುಮಾರು 20 ನ್ಯಾನೋಮೀಟರ್ ವ್ಯಾಸದ ಕಣದಲ್ಲಿರುವ ಎಲೆಕ್ಟ್ರಾನುಗಳು 520 ನ್ಯಾನೋಮೀಟರಿನ ಆಸುಪಾಸಿನ ಹಸಿರು ಬೆಳಕಿಗೆ ಒಟ್ಟಾಗಿ ತೂಗಾಡಿ ಅದನ್ನು ಹೀರಿಕೊಳ್ಳುತ್ತವೆ; ಉಳಿದ ಕೆಂಪು ನಮ್ಮ ಕಣ್ಣಿಗೆ ಬೀಳುತ್ತದೆ. ಹೀರಿದ ಶಕ್ತಿಯು ಕೆಲವೇ ಪಿಕೋಸೆಕೆಂಡುಗಳಲ್ಲಿ ಲೋಹದ ಪರಮಾಣುಗಳಿಗೂ, ಅಲ್ಲಿಂದ ಮುಂದೆ ಸುತ್ತಣ ನೀರಿಗೂ ಸಾಗುತ್ತದೆ. ಮರಳಿ ಬೆಳಕಾಗಿ ಹೊರಡುವ ಅಂಶವು ಗಣನೆಗೆ ಬಾರದಷ್ಟು ಅಲ್ಪ. ಆದರೆ ಕಣವು ಬೆಳಕನ್ನು ಹೀರುವುದಷ್ಟೇ ಅಲ್ಲ, ಚದುರಿಸುವುದೂ ಉಂಟು. ಸಣ್ಣ ಕಣಗಳಲ್ಲಿ ಹೀರಿಕೆಯು ತ್ರಿಜ್ಯದ ಘನಕ್ಕೆ ಅನುಗುಣವಾಗಿಯೂ ಚದುರಿಕೆಯು ತ್ರಿಜ್ಯದ ಆರನೆಯ ಘಾತಕ್ಕೆ ಅನುಗುಣವಾಗಿಯೂ ಏರುತ್ತವೆ. ಆದುದರಿಂದ ಕಣವು ದೊಡ್ಡದಾದಂತೆಲ್ಲ ಬೆಳಕು ಉಷ್ಣವಾಗದೆ ಪೋಲಾಗುವ ಪಾಲು ಹೆಚ್ಚುತ್ತದೆ.

ಉಷ್ಣವನ್ನು ನೇರವಾಗಿ ಅಳೆಯುವ ಸಾಧನವಿಲ್ಲ. ತಣಿಯುವಿಕೆಯಿಂದ ಅದನ್ನು ಊಹಿಸಬೇಕು. 2007ರಲ್ಲಿ ರೋಪರ್ ಮತ್ತು ಸಂಗಡಿಗರು ಪ್ರಕಟಿಸಿದ, ಇಂದು ಬಹುಮಂದಿ ಅನುಸರಿಸುವ ವಿಧಾನದ ಮರ್ಮ ಇಷ್ಟೇ. ಕಣಗಳಿರುವ ನೀರಿಗೆ ಲೇಸರನ್ನು ಹಾಯಿಸಿದರೆ ಉಷ್ಣತೆಯು ಏರುತ್ತ ಒಂದು ಹಂತದಲ್ಲಿ ನಿಲ್ಲುತ್ತದೆ. ಆ ಹಂತದಲ್ಲಿ ಬರುವ ಉಷ್ಣವೂ ಹೋಗುವ ಉಷ್ಣವೂ ಸಮ. ಬಳಿಕ ಲೇಸರನ್ನು ಆರಿಸಿ ನೀರು ಎಷ್ಟು ಬೇಗ ತಣಿಯುವುದೆಂದು ನೋಡಿದರೆ, ಹೋಗುತ್ತಿದ್ದ ಉಷ್ಣದ ಲೆಕ್ಕ ದೊರೆಯುತ್ತದೆ. ಅದೇ ಬರುತ್ತಿದ್ದ ಉಷ್ಣದ ಲೆಕ್ಕವೂ ಹೌದು. ನ್ಯೂಟನ್ನನು 1701ರಲ್ಲಿ ಹೇಳಿದ ತಣಿಯುವ ನಿಯಮವೇ ಇಲ್ಲಿ ಕೀಲಿಕೈ.

ಒಂದು ಕಲ್ಪಿತ ಲೆಕ್ಕವನ್ನು ತೆಗೆದುಕೊಳ್ಳೋಣ. 1 ಗ್ರಾಂ ನೀರು 28 ಡಿಗ್ರಿ ಸೆಂಟಿಗ್ರೇಡಿನಿಂದ 48 ಡಿಗ್ರಿಗೆ ಏರಿ ನಿಂತಿತು. ಲೇಸರನ್ನು ಆರಿಸಿದ 250 ಸೆಕೆಂಡುಗಳಲ್ಲಿ ಆ 20 ಡಿಗ್ರಿಗಳ ಹೆಚ್ಚಳವು 7.4 ಡಿಗ್ರಿಗೆ, ಎಂದರೆ ಸುಮಾರು ನೂರಕ್ಕೆ 37ರಷ್ಟಕ್ಕೆ, ಇಳಿಯಿತು. ನೀರಿನ ವಿಶಿಷ್ಟೋಷ್ಣ 4.2 ಜೂಲ್. ಅದನ್ನು 20ರಿಂದ ಗುಣಿಸಿ 250ರಿಂದ ಭಾಗಿಸಿದರೆ 0.336 ವಾಟ್ ಬರುತ್ತದೆ. ಕಣಗಳಿಲ್ಲದ ಬರಿಯ ನೀರು ಹಾಗೂ ಪಾತ್ರೆಗಳಿಂದಲೇ 0.036 ವಾಟ್ ಬಂದಿತ್ತೆಂದಾದರೆ ಕಣಗಳ ಪಾಲು 0.30 ವಾಟ್. ಲೇಸರು 1 ವಾಟಿನದಾಗಿದ್ದು, ಅದರಲ್ಲಿ ಅರ್ಧವು ದ್ರಾವಣವನ್ನು ದಾಟಿ ಹೋಗಿದ್ದರೆ ಕಣಗಳು ತಡೆದುದು 0.50 ವಾಟ್. ದಕ್ಷತೆ ಶೇಕಡ 60.

ಇದೇ ಪ್ರಯೋಗದಲ್ಲಿ ತಡೆದ ಬೆಳಕಿನಿಂದ ಭಾಗಿಸುವ ಬದಲು ಒಟ್ಟು ಬೆಳಕಿನಿಂದ ಭಾಗಿಸಿದರೆ ಶೇಕಡ 30 ಆಗುತ್ತದೆ! ಕಣ ಅದೇ, ಉಷ್ಣ ಅದೇ. ಛೇದ ಮಾತ್ರ ಬೇರೆ. ಪಾತ್ರೆಯ ಗಾಜು ಹಿಡಿದಿಟ್ಟ ಉಷ್ಣವನ್ನು ಮೇಲಿನ ಲೆಕ್ಕದಲ್ಲಿ ಸರಳತೆಗಾಗಿ ಬಿಟ್ಟಿದೆ. ನಿಜವಾದ ಪ್ರಯೋಗದಲ್ಲಿ ಅದನ್ನು ಬಿಟ್ಟರೆ ದಕ್ಷತೆಯು ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. 2009ರಲ್ಲಿ ರಿಚರ್ಡ್‌ಸನ್, ಗೋವೊರೊವ್ ಮೊದಲಾದವರು ಸಣ್ಣ ಚಿನ್ನದ ಕಣಗಳಿದ್ದ ನೀರಹನಿಯೊಂದನ್ನು ಹಸಿರು ಲೇಸರಿನಿಂದ ಕಾಯಿಸಿ, ದಕ್ಷತೆಯು ಹೆಚ್ಚುಕಡಿಮೆ ಪೂರ್ಣವೆಂದು ಕಂಡರು. ಸಿದ್ಧಾಂತವು ಬಯಸುವುದೂ ಅದನ್ನೇ. ಆದ್ದರಿಂದ 20 ನ್ಯಾನೋಮೀಟರಿನ ಗೋಳಕಣಗಳಿಗೆ ಶೇಕಡ 60 ಎಂಬ ಅಂಕಿ ಬಂದರೆ, ಚಿನ್ನವನ್ನು ಶಂಕಿಸುವ ಮೊದಲು ಅಳತೆಯನ್ನು ಶಂಕಿಸುವುದು ಮೇಲು.

ಈ ಅಂಕಿಗಳ ಮೇಲೆ ನಿಂತಿರುವ ಕಾರ್ಯ ಚಿಕ್ಕದಲ್ಲ. ಗೋಳಕ್ಕೆ ಬದಲಾಗಿ ಸಣ್ಣ ಕಡ್ಡಿಯ ಆಕಾರವನ್ನೋ, ಸಿಲಿಕದ ತಿರುಳಿನ ಮೇಲೆ ಚಿನ್ನದ ಚಿಪ್ಪನ್ನೋ ರಚಿಸಿದರೆ, ಮಾಂಸದೊಳಕ್ಕೆ ಹೆಚ್ಚು ಆಳವಾಗಿ ಇಳಿಯಬಲ್ಲ 800 ನ್ಯಾನೋಮೀಟರಿನ ಆಸುಪಾಸಿನ ಬೆಳಕನ್ನು ಕಣಗಳು ಹಿಡಿಯುತ್ತವೆ. ಅಂಥ ಚಿಪ್ಪುಕಣಗಳಿಂದ ಪ್ರಾಸ್ಟೇಟ್ ಗ್ರಂಥಿಯ ಅರ್ಬುದವನ್ನು ಸುಡುವ ಪ್ರಯತ್ನವೊಂದರ ಫಲಿತಾಂಶವು 16 ಮಂದಿ ರೋಗಿಗಳನ್ನು ಕುರಿತಂತೆ 2019ರಲ್ಲಿ ಪ್ರಕಟವಾಯಿತು. ಅಲ್ಲಿ ಬೆಳಕಿನ ಪ್ರಮಾಣವು ಕಡಿಮೆಯಾದರೆ ಗೆಡ್ಡೆ ಉಳಿಯುತ್ತದೆ; ಹೆಚ್ಚಾದರೆ ಆರೋಗ್ಯವಾದ ಅಂಗವೂ ಬೇಯುತ್ತದೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಾಲೇಜುಗಳಲ್ಲಿ ಲೇಸರು ಇರಲಿ ಇಲ್ಲದಿರಲಿ, ತಣಿಯುವ ಭಾಗವನ್ನಂತೂ ಬಿಸಿನೀರು, ಉಷ್ಣಮಾಪಕ, ಗಡಿಯಾರಗಳಿಂದಲೇ ಮಾಡಿ ನೋಡಬಹುದು. ಮೂವತ್ತು ಸೆಕೆಂಡಿಗೊಮ್ಮೆ ಉಷ್ಣತೆಯನ್ನು ಗುರುತಿಸಿ, ಕೋಣೆಯ ಉಷ್ಣತೆಯನ್ನು ಅದರಿಂದ ಕಳೆದು, ಉಳಿದುದರ ಲಾಗರಿದಮ್ಮನ್ನು ಕಾಲಕ್ಕೆ ಎದುರಾಗಿ ನಕ್ಷೆಗಿಳಿಸಿದರೆ ಸರಳರೇಖೆ ಬರಬೇಕು. ಮೊದಲಲ್ಲಿ ಇಳಿಜಾರು ಹೆಚ್ಚು ಕಡಿದಾಗಿದ್ದರೆ ನೀರು ಆವಿಯಾಗುತ್ತಿದೆಯೆಂದು ತಿಳಿದು ಮುಚ್ಚಳ ಹಾಕಬೇಕು. ಆಷಾಢದ ಗಾಳಿ ಬೀಸುವ ದಿನ ಕಿಟಕಿ ತೆರೆದು ಒಮ್ಮೆ, ಮುಚ್ಚಿ ಒಮ್ಮೆ ಅಳೆದರೆ, 250 ಸೆಕೆಂಡು ಎಂಬಂಥ ಅಂಕಿಯು ನೀರಿನ ಗುಣವಷ್ಟೇ ಅಲ್ಲ, ಆ ಕೋಣೆಯ ಗುಣವೂ ಹೌದೆಂಬುದು ವಿದ್ಯಾರ್ಥಿಗೆ ಕಣ್ಣಾರೆ ಕಾಣುತ್ತದೆ.